ತಾರೀಖು ಜಾರಿದಷ್ಟೂ ದಿಗಿಲು: ನರೋಡಾದಿಂದ ನೋಡಿದ ಬ್ರೆಕ್ಸಿಟ್

ಬಣ್ಣದ ಪುಡಿ ತುಂಬಿದ ಪೆಟ್ಟಿಗೆಯೊಂದು ಅಹಮದಾಬಾದಿನ ನರೋಡಾದಿಂದ ಯುರೋಪಿಗೆ ಹೊರಟರೆ ಅದರ ಬೆನ್ನಿಗೆ ಒಂದು ಸುರಕ್ಷತಾ ದಾಖಲೆಯೂ ಹೊರಡುತ್ತದೆ. ಪುಡಿಯ ರಾಸಾಯನಿಕ ಹೆಸರೇನು, ಕಣ್ಣಿಗೆ ಬಿದ್ದರೆ ಏನು ಮಾಡಬೇಕು, ಬೆಂಕಿ ಹತ್ತಿದರೆ ಹೇಗೆ ಆರಿಸಬೇಕು ಎಂಬ ವಿವರಗಳ ನಡುವೆ ಅದರಲ್ಲೊಂದು ವಿಳಾಸವೂ ಇರುತ್ತದೆ. ಯುರೋಪಿನ ಕಾನೂನಿನ ಮುಂದೆ ಈ ಸರಕಿನ ಪರವಾಗಿ ಉತ್ತರ ಕೊಡಬೇಕಾದ ಪ್ರತಿನಿಧಿಯ ವಿಳಾಸ ಅದು. ಭಾಷೆ ಗೊತ್ತು, ಹಳೆಯ ವ್ಯಾಪಾರದ ನಂಟಿದೆ ಎಂದು ಭಾರತದ ಹಲವು ತಯಾರಕರು ಬ್ರಿಟನ್ನಿನಲ್ಲೇ ಪ್ರತಿನಿಧಿಯನ್ನು ಹಿಡಿದಿದ್ದರು. ಐರೋಪ್ಯ ಒಕ್ಕೂಟ ಬಿಟ್ಟು ಹೊರಡೋಣ ಎಂದು 2016ರ ಜೂನ್ 23ರಂದು ಬ್ರಿಟನ್ನಿನ ಜನ ಮತಪೆಟ್ಟಿಗೆಗೆ ಹಾಕಿದ ಚೀಟಿಯಿಂದಾಗಿ ಆ ವಿಳಾಸ ಕೆಲಸಕ್ಕೆ ಬಾರದ್ದಾಯಿತು. ಯಾವತ್ತಿನಿಂದ ಎಂದು ಮಾತ್ರ ಯಾರೂ ಹೇಳಲಿಲ್ಲ.

ಬ್ರೆಕ್ಸಿಟ್ ಕುರಿತ ದಿಗಿಲಿನ ಗುಟ್ಟು ಇರುವುದು ಈ ‘ಯಾವತ್ತಿನಿಂದ’ ಎಂಬ ಪದದಲ್ಲಿ. ಹೊರಡುವುದು ಒಳ್ಳೆಯದೋ ಕೆಟ್ಟದ್ದೋ ಎಂಬ ವಾದದ ಬಗ್ಗೆ ಪುಸ್ತಕಗಳೇ ಬಂದಿವೆ. 2016ರಿಂದ 2020ರವರೆಗೆ ಜನರ ನಿದ್ದೆ ಕೆಡಿಸಿದ್ದು ಆ ವಾದಕ್ಕಿಂತ ಹೆಚ್ಚಾಗಿ ಹೊರಡುವ ತಯಾರಿ. ನಾಳೆ ಯಾವ ಕಾಗದ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬುದು ಗೊತ್ತಿಲ್ಲದೆ ಮಾಡಿಕೊಳ್ಳಬೇಕಾದ ತಯಾರಿ ಅದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತೇವೆ. ಈ ಜಗಳದಲ್ಲಿ ಬಡವಾದ ಕೂಸುಗಳಲ್ಲಿ ಕೆಲವು ಗುಜರಾತಿನಲ್ಲೂ ಇದ್ದವು.

ಕರಗಿದ ನಾಣ್ಯಗಳು

ಬ್ರಿಟನ್ ಐರೋಪ್ಯ ಮಾರುಕಟ್ಟೆ ಕೂಟ ಸೇರಿದ್ದು 1973ರ ಜನವರಿ 1ರಂದು. ಎರಡು ವರ್ಷದ ನಂತರ ನಡೆದ ಜನಮತಗಣನೆಯಲ್ಲಿ ಶೇ 67ರಷ್ಟು ಮಂದಿ ಅಲ್ಲೇ ಇರೋಣ ಎಂದಿದ್ದರು. 2016ರಲ್ಲಿ ಶೇ 51.9ರಷ್ಟು ಮಂದಿ ಹೊರಡೋಣ ಎಂದರು. ಬೆಳಗಾಗುವಷ್ಟರಲ್ಲಿ ಪೌಂಡು ಡಾಲರಿನೆದುರು 1985ರ ನಂತರದ ಕೆಳಮಟ್ಟಕ್ಕೆ ಕುಸಿದಿತ್ತು, ಪ್ರಧಾನಿ ಡೇವಿಡ್ ಕ್ಯಾಮರಾನ್ ರಾಜೀನಾಮೆ ಪ್ರಕಟಿಸಿದ್ದರು. ಮತಪತ್ರದಲ್ಲಿ ಇದ್ದದ್ದು ‘ಇರೋಣವೇ, ಹೊರಡೋಣವೇ’ ಎಂಬ ಒಂದೇ ಪ್ರಶ್ನೆ. ಹೊರಟು ಎಲ್ಲಿಗೆ ಹೋಗುವುದೆಂದು ಅದು ಕೇಳಿರಲಿಲ್ಲ.

2017ರ ಮಾರ್ಚ್ 29ರಂದು ಥೆರೆಸಾ ಮೇ ಸರ್ಕಾರ ಅಧಿಕೃತ ನೋಟಿಸ್ ಕೊಟ್ಟಿತು. ಎರಡು ವರ್ಷದ ಗಡುವು ಶುರುವಾಯಿತು. ಆಕೆ ತಂದ ಒಪ್ಪಂದವನ್ನು 2019ರ ಜನವರಿ 15ರಂದು ಸಂಸತ್ತು 432–202 ಮತಗಳಿಂದ ತಿರಸ್ಕರಿಸಿತು. ಆಧುನಿಕ ಬ್ರಿಟನ್ನಿನ ಯಾವ ಸರ್ಕಾರವೂ ಸದನದಲ್ಲಿ ಇಷ್ಟು ದೊಡ್ಡ ಸೋಲು ಕಂಡಿರಲಿಲ್ಲ. ಮಾರ್ಚ್ 29ಕ್ಕೆ ಇದ್ದ ಗಡುವು ಏಪ್ರಿಲ್ 12ಕ್ಕೆ ಹೋಯಿತು, ಅಲ್ಲಿಂದ ಅಕ್ಟೋಬರ್ 31ಕ್ಕೆ, ಅಲ್ಲಿಂದ 2020ರ ಜನವರಿ 31ಕ್ಕೆ. ಅಂದು ಬ್ರಿಟನ್ ಒಕ್ಕೂಟದಿಂದ ಹೊರಬಂದರೂ ಮಾರುಕಟ್ಟೆಯಿಂದ ಹೊರಬಿದ್ದದ್ದು ಅದೇ ವರ್ಷದ ಡಿಸೆಂಬರ್ 31ಕ್ಕೆ. ಹೊಸ ವ್ಯಾಪಾರ ಒಪ್ಪಂದ ಕುದುರಿದ್ದು ಡಿಸೆಂಬರ್ 24ರಂದು. ಒಂದು ವಾರದೊಳಗೆ ಓದಿ, ಅರ್ಥ ಮಾಡಿಕೊಂಡು, ಜಾರಿಗೆ ತರಬೇಕಾದ ಒಪ್ಪಂದ ಸಾವಿರಕ್ಕೂ ಹೆಚ್ಚು ಪುಟದ್ದು.

ತಾರೀಖು ಜಾರಿದಾಗ ಏನಾಗುತ್ತದೆ ಎಂಬುದಕ್ಕೆ ಒಂದು ನಾಣ್ಯದ ಕತೆ ಸಾಕು. 2019ರ ಅಕ್ಟೋಬರ್ 31ಕ್ಕೆ ಹೊರಟೇ ಹೊರಡುತ್ತೇವೆ ಎಂಬ ಭರವಸೆಯಲ್ಲಿ ಬ್ರಿಟನ್ನಿನ ಟಂಕಸಾಲೆ ಆ ದಿನಾಂಕ ಕೆತ್ತಿದ 50 ಪೆನ್ಸಿನ ನಾಣ್ಯಗಳನ್ನು ಹೊಡೆಯತೊಡಗಿತು. ದಿನ ಬಂತು, ಹೋಯಿತು, ದೇಶ ಇದ್ದಲ್ಲೇ ಇತ್ತು. ಸುಮಾರು ಹತ್ತು ಲಕ್ಷ ನಾಣ್ಯಗಳನ್ನು ವಾಪಸು ಕರಗಿಸಬೇಕಾಯಿತು. ಟಂಕಸಾಲೆಗೆ ಲೋಹವಾದರೂ ಮರಳಿ ಸಿಕ್ಕಿತು. ಅದೇ ತಾರೀಖನ್ನು ನಂಬಿ ಗೋದಾಮು ಬಾಡಿಗೆಗೆ ಹಿಡಿದವನಿಗೆ, ಮುಂಗಡ ಕೊಟ್ಟು ಸರಕು ತುಂಬಿಸಿಟ್ಟವನಿಗೆ ಕರಗಿಸಿ ಪಡೆಯಲು ಏನೂ ಇರಲಿಲ್ಲ.

ಎಂಬತ್ತೊಂಬತ್ತು ಲಾರಿಗಳು

ಬ್ರಿಟನ್ನಿನೊಳಗಿನ ದಿಗಿಲು ಮೊದಲು ಕಾಣಿಸಿಕೊಂಡದ್ದು ಅಡುಗೆಮನೆಯಲ್ಲಿ, ಔಷಧಿ ಡಬ್ಬದಲ್ಲಿ. 2018ರ ಆಗಸ್ಟಿನಲ್ಲಿ ಸರ್ಕಾರ ‘ಒಪ್ಪಂದವಿಲ್ಲದೆ ಹೊರಟರೆ ಏನು ಮಾಡಬೇಕು’ ಎಂಬ ಸೂಚನಾಪತ್ರಗಳನ್ನು ಹೊರಡಿಸಲು ಶುರುಮಾಡಿತು. ನೋಡನೋಡುತ್ತ ಅವು ನೂರು ದಾಟಿದವು. ಔಷಧಿ ಕಂಪನಿಗಳು ಆರು ವಾರಕ್ಕೆ ಸಾಲುವಷ್ಟು ಹೆಚ್ಚುವರಿ ದಾಸ್ತಾನು ಇಟ್ಟುಕೊಳ್ಳಬೇಕು ಎಂಬುದು ಒಂದು ಸೂಚನೆ. ಗಾಬರಿಯಾಗಬೇಡಿ ಎನ್ನುವುದಕ್ಕೇ ಇಷ್ಟೊಂದು ಕಾಗದ ಬೇಕಾಯಿತೆಂದರೆ ಗಾಬರಿಯಾಗದೆ ಇರುವುದು ಹೇಗೆ? ಇನ್ಸುಲಿನ್ ಮೇಲೆ ಬದುಕುವವರು ದಿನ ಎಣಿಸತೊಡಗಿದರು.

ತಯಾರಿ ತಮಾಷೆಗೂ ಈಡಾಯಿತು. ಡೋವರ್ ಬಂದರಿನಲ್ಲಿ ದಟ್ಟಣೆಯಾದರೆ ಬೇರೆ ದಾರಿ ಇರಲಿ ಎಂದು ಸರ್ಕಾರ 1.38 ಕೋಟಿ ಪೌಂಡಿನ ಹಡಗು ಗುತ್ತಿಗೆಯನ್ನು ಒಂದು ಕಂಪನಿಗೆ ಕೊಟ್ಟಿತು. ಆ ಕಂಪನಿಯ ಬಳಿ ಒಂದೂ ಹಡಗಿರಲಿಲ್ಲ. 2019ರ ಫೆಬ್ರವರಿಯಲ್ಲಿ ಗುತ್ತಿಗೆ ರದ್ದಾಯಿತು. ಅದಕ್ಕೂ ಮುಂಚೆ, ಜನವರಿ 7ರಂದು ಕೆಂಟ್ ಪ್ರಾಂತ್ಯದ ಮ್ಯಾನ್ಸ್‌ಟನ್ ಎಂಬ ಹಳೆಯ ವಿಮಾನ ನಿಲ್ದಾಣದಲ್ಲಿ ಲಾರಿಗಳನ್ನು ನಿಲ್ಲಿಸಿ ಡೋವರಿಗೆ ಬಿಡುವ ತಾಲೀಮು ನಡೆಯಿತು. ಡೋವರ್ ದಾಟುವ ಲಾರಿಗಳು ದಿನಕ್ಕೆ ಸಾವಿರಗಟ್ಟಲೆ. ತಾಲೀಮಿಗೆ ಬಂದದ್ದು ಎಂಬತ್ತೊಂಬತ್ತು.

2019ರ ಸೆಪ್ಟೆಂಬರಿನಲ್ಲಿ ಸಂಸತ್ತಿನ ಒತ್ತಾಯಕ್ಕೆ ಮಣಿದು ಸರ್ಕಾರ ‘ಯೆಲ್ಲೋಹ್ಯಾಮರ್’ ಎಂಬ ಗುಪ್ತನಾಮದ ಟಿಪ್ಪಣಿಯನ್ನು ಬಯಲಿಗಿಟ್ಟಿತು. ಯೆಲ್ಲೋಹ್ಯಾಮರ್ ಎಂದರೆ ಅಲ್ಲಿಯ ಬೇಲಿಸಾಲಿನ ಒಂದು ಪುಟ್ಟ ಹಳದಿ ಹಕ್ಕಿ. ಟಿಪ್ಪಣಿಯಲ್ಲಿ ಇದ್ದದ್ದು ತಾಜಾ ತರಕಾರಿಯ ಕೊರತೆ, ಔಷಧಿ ಪೂರೈಕೆಯಲ್ಲಿ ಅಡಚಣೆ, ಬೆಲೆಯೇರಿಕೆ, ಬೀದಿಯಲ್ಲಿ ಗಲಭೆಯ ಸಾಧ್ಯತೆ. ಅದೇ ತಿಂಗಳು ‘ಬ್ರೆಕ್ಸಿಟ್‌ಗೆ ಸಿದ್ಧರಾಗಿ’ ಎಂಬ 10 ಕೋಟಿ ಪೌಂಡಿನ ಜಾಹೀರಾತು ಅಭಿಯಾನವೂ ಶುರುವಾಯಿತು. ಯಾವುದಕ್ಕೆ ಸಿದ್ಧರಾಗಬೇಕು ಎಂಬುದು ಗೊತ್ತಿಲ್ಲದ ಹೊತ್ತಿನಲ್ಲಿ ಸಿದ್ಧರಾಗಿ ಎಂಬ ಫಲಕಗಳು ಬಸ್ ನಿಲ್ದಾಣಗಳಲ್ಲಿ ತೂಗಾಡಿದವು. ತಾರೀಖು ಮತ್ತೆ ಜಾರಿದ್ದರಿಂದ ಅಭಿಯಾನವನ್ನು ನಡುವೆಯೇ ನಿಲ್ಲಿಸಿದರು. ಅಷ್ಟರಲ್ಲಿ 4.6 ಕೋಟಿ ಪೌಂಡು ಖರ್ಚಾಗಿತ್ತು.

ದಿಗಿಲು ಒಂದೇ ಪಕ್ಷದ ಸೊತ್ತಾಗಿರಲಿಲ್ಲ. ಹೊರಡಬೇಡಿ ಎಂಬ 2019ರ ಮಾರ್ಚಿನ ಮನವಿಗೆ 60 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರೆ, ಹೊರಡಿ ಎಂದು ಮತ ಹಾಕಿದವರಿಗೆ ತಮ್ಮ ಮತವನ್ನು ಯಾರೋ ಜಾಣತನದಿಂದ ನುಂಗಿಹಾಕುತ್ತಿದ್ದಾರೆ ಎಂಬ ಅಳುಕಿತ್ತು. ಐರ್ಲೆಂಡಿನ ಗಡಿಯಲ್ಲಿ 1998ರ ಶಾಂತಿ ಒಪ್ಪಂದದ ನಂತರ ಮಾಯವಾಗಿದ್ದ ತಪಾಸಣಾ ಠಾಣೆಗಳು ಮತ್ತೆ ತಲೆಯೆತ್ತುವುವೇ ಎಂಬ ಭಯ ಇವೆಲ್ಲಕ್ಕಿಂತ ಆಳದ್ದು. ಅಲ್ಲಿ ಠಾಣೆ ಎಂದರೆ ಬಂದೂಕಿನ ನೆನಪು.

ಮತವಿದ್ದ ಅಣ್ಣ, ಮತವಿಲ್ಲದ ತಮ್ಮ

ಲೆಸ್ಟರ್ ನಗರಕ್ಕೆ ಬಂದರೆ ಕತೆ ಗುಜರಾತಿಗೆ ಹತ್ತಿರವಾಗುತ್ತದೆ. 1972ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ ಏಷ್ಯಾ ಮೂಲದವರಿಗೆ ಉಗಾಂಡ ಬಿಡಲು ತೊಂಬತ್ತು ದಿನ ಕೊಟ್ಟಾಗ, ಲೆಸ್ಟರಿನ ನಗರಸಭೆ ಉಗಾಂಡದ ಪತ್ರಿಕೆಯಲ್ಲೇ ಜಾಹೀರಾತು ಕೊಟ್ಟು, ಇಲ್ಲಿ ಮನೆಯಿಲ್ಲ, ಶಾಲೆಯಲ್ಲಿ ಜಾಗವಿಲ್ಲ, ದಯವಿಟ್ಟು ಬರಬೇಡಿ ಎಂದಿತ್ತು. ಬಂದರು. ಬ್ರಿಟನ್ನಿಗೆ ಬಂದಿಳಿದ ಇಪ್ಪತ್ತೇಳು ಸಾವಿರಕ್ಕೂ ಹೆಚ್ಚು ಜನರಲ್ಲಿ ಗುಜರಾತಿಗಳೇ ದೊಡ್ಡ ಪಾಲು. ಬರಬೇಡಿ ಎಂಬ ಜಾಹೀರಾತಿನಿಂದಲೇ ಲೆಸ್ಟರಿನ ಹೆಸರು ತಿಳಿದವರೂ ಇದ್ದರು. ಈಗ ಅಲ್ಲಿಯ ಬೆಲ್‌ಗ್ರೇವ್ ರಸ್ತೆಯ ದೀಪಾವಳಿ ಇಂಗ್ಲೆಂಡಿನಲ್ಲೇ ಹೆಸರುವಾಸಿ.

ಆ ಹೊತ್ತಿನ ಇನ್ನೊಂದು ಸಂಗತಿಯನ್ನು ಹೆಚ್ಚು ಜನ ಗಮನಿಸುವುದಿಲ್ಲ. ಬ್ರಿಟನ್ ಐರೋಪ್ಯ ಕೂಟಕ್ಕೆ ಕಾಲಿಟ್ಟ 1973ರ ಜನವರಿ 1ರಂದೇ ಕಾಮನ್‌ವೆಲ್ತ್ ದೇಶಗಳವರ ಪ್ರವೇಶವನ್ನು ಬಿಗಿಗೊಳಿಸುವ ವಲಸೆ ಕಾಯ್ದೆಯೂ ಜಾರಿಗೆ ಬಂತು. ಒಂದೇ ಬೆಳಗ್ಗೆ ಮುಂಬಾಗಿಲು ಯುರೋಪಿಗೆ ತೆರೆಯಿತು, ಹಿತ್ತಲ ಬಾಗಿಲು ನಮಗೆ ಮುಚ್ಚಿತು. ಯುರೋಪಿನವರ ಬಾಗಿಲು ಮುಚ್ಚಿದರೆ ನಮ್ಮದು ತೆರೆದೀತು ಎಂದು 2016ರಲ್ಲಿ ಭಾರತೀಯ ಮೂಲದ ಹಲವರು ಹೊರಡುವ ಪರ ವಾಲಿದ್ದರ ಹಿಂದೆ ಈ ಹಳೆಯ ಲೆಕ್ಕವಿದೆ. ಗುಜರಾತಿ ಮೂಲದ, ಉಗಾಂಡದಿಂದ ಬಂದ ಕುಟುಂಬದ ರಾಜಕಾರಣಿ ಪ್ರೀತಿ ಪಟೇಲ್ ಈ ವಾದವನ್ನು ಊರೂರಿಗೆ ಒಯ್ದರು. ಲೆಸ್ಟರ್ ನಗರ ಮಾತ್ರ ಕೂದಲೆಳೆಯ ಅಂತರದಲ್ಲಿ, ಶೇ 51.1 ಮತದಿಂದ, ಉಳಿಯೋಣ ಎಂದಿತು.

ಆದರೆ ಅದೇ ಲೆಸ್ಟರಿನಲ್ಲಿ ಇನ್ನೊಂದು ಬಗೆಯ ಗುಜರಾತಿಗಳಿದ್ದಾರೆ. ದಮನ್ ಮತ್ತು ದೀವ್ 1961ರ ಡಿಸೆಂಬರ್ 19ರವರೆಗೆ ಪೋರ್ಚುಗಲ್ ಆಳ್ವಿಕೆಯಲ್ಲಿದ್ದವು. ಅದಕ್ಕೂ ಮುಂಚೆ ಅಲ್ಲಿ ಹುಟ್ಟಿದವರಿಗೆ, ಅವರ ಮಕ್ಕಳು ಮೊಮ್ಮಕ್ಕಳಿಗೆ ಪೋರ್ಚುಗಲ್ ಪೌರತ್ವ ಪಡೆಯುವ ದಾರಿಯಿದೆ. ಗೋವಾದವರಿಗೂ ಅಷ್ಟೇ. ಆ ಪಾಸ್‌ಪೋರ್ಟ್ ಹಿಡಿದು ಬಹಳ ಮಂದಿ ಲಿಸ್ಬನ್ನಿನಲ್ಲಿ ನಿಲ್ಲದೆ ಬ್ರಿಟನ್ನಿಗೆ ಬಂದರು. ಗೋವಾದವರು ಸ್ವಿಂಡನ್ ಮತ್ತು ಸೌತಾಲ್‌ಗೆ, ದೀವ್ ದಮನ್‌ನವರು ಹೆಚ್ಚಾಗಿ ಲೆಸ್ಟರಿಗೆ. ಕಾಗದದ ಮೇಲೆ ಯುರೋಪಿನವರು, ಮನೆಯಲ್ಲಿ ಗುಜರಾತಿ.

ಒಂದೇ ಮನೆಯ ಇಬ್ಬರನ್ನು ಊಹಿಸಿಕೊಳ್ಳಿ. ಅಣ್ಣ ಭಾರತದ ಪಾಸ್‌ಪೋರ್ಟಿನ ಮೇಲೆ ಕೆಲಸದ ವೀಸಾ ಪಡೆದು ಬಂದವನು. ತಮ್ಮ ಅಜ್ಜಿಯ ಕಡೆಯಿಂದ ಪೋರ್ಚುಗಲ್ ಪಾಸ್‌ಪೋರ್ಟ್ ಮಾಡಿಸಿಕೊಂಡವನು. 2016ರ ಜನಮತಗಣನೆಯಲ್ಲಿ ಬ್ರಿಟನ್ನಿನಲ್ಲಿ ನೆಲೆಸಿದ ಕಾಮನ್‌ವೆಲ್ತ್ ಪ್ರಜೆಗಳಿಗೆ ಮತವಿತ್ತು, ಐರ್ಲೆಂಡ್, ಮಾಲ್ಟಾ, ಸೈಪ್ರಸ್ ಬಿಟ್ಟು ಉಳಿದ ಯುರೋಪಿನವರಿಗೆ ಇರಲಿಲ್ಲ. ಯುರೋಪಿಗೆ ಸಂಬಂಧವೇ ಇಲ್ಲದ ಅಣ್ಣ ಬ್ರಿಟನ್ ಯುರೋಪಿನಲ್ಲಿ ಇರಬೇಕೇ ಎಂದು ತೀರ್ಮಾನಿಸಬಹುದಿತ್ತು. ಆ ತೀರ್ಮಾನದ ಮೇಲೆ ಯಾರ ಬದುಕು ನಿಂತಿತ್ತೋ ಆ ತಮ್ಮ ಮತಗಟ್ಟೆಯ ಹೊರಗೆ ನಿಲ್ಲಬೇಕಿತ್ತು.

ತಮ್ಮನಂಥವರಿಗಾಗಿ ಬಂದದ್ದು ‘ನೆಲೆಸಿದವರ’ ನೋಂದಣಿ ಯೋಜನೆ. ವರ್ಷಗಟ್ಟಲೆ ತೆರಿಗೆ ಕಟ್ಟಿಕೊಂಡು ಬಂದ ಮನೆಯಲ್ಲೇ ಇರಲು ಅರ್ಜಿ ಹಾಕಬೇಕಿತ್ತು. ಮೊದಲು 65 ಪೌಂಡ್ ಶುಲ್ಕ ಎಂದರು, 2019ರ ಜನವರಿಯಲ್ಲಿ ಬಿಟ್ಟರು. ಗುರುತು ಪರಿಶೀಲನೆಯ ಆ್ಯಪ್ ಆರಂಭದಲ್ಲಿ ಆಂಡ್ರಾಯ್ಡ್ ಫೋನಿನಲ್ಲಷ್ಟೇ ನಡೆಯುತ್ತಿತ್ತು. ಅರ್ಜಿ ಮಂಜೂರಾದರೂ ಕೈಗೆ ಒಂದು ಕಾರ್ಡೂ ಬರುತ್ತಿರಲಿಲ್ಲ, ಹಕ್ಕು ಇದ್ದದ್ದು ಸರ್ಕಾರದ ಕಂಪ್ಯೂಟರಿನಲ್ಲಿ. 2018ರಲ್ಲಷ್ಟೇ ವಿಂಡ್‌ರಷ್ ಹಗರಣ ಬಯಲಾಗಿತ್ತು. ಕೆರಿಬಿಯನ್ನಿನಿಂದ ದಶಕಗಳ ಹಿಂದೆ ಬಂದು, ಸರಿಯಾದ ಕಾಗದವಿಲ್ಲವೆಂದು ಕೆಲಸ, ಮನೆ ಕಳೆದುಕೊಂಡು ಗಡೀಪಾರಾದವರ ಕತೆ ಅದು. ಅದನ್ನು ಓದಿದವರಿಗೆ ಕಾಗದವೇ ಇಲ್ಲದ ಹಕ್ಕಿನ ಮೇಲೆ ನಂಬಿಕೆ ಹುಟ್ಟುವುದು ಸುಲಭವಿರಲಿಲ್ಲ. 2021ರ ಜೂನ್ 30ರ ಗಡುವಿನೊಳಗೆ ಬಂದ ಅರ್ಜಿಗಳು 60 ಲಕ್ಷ ದಾಟಿದವು. ಸರ್ಕಾರದ ಮೊದಲ ಅಂದಾಜು ಅದಕ್ಕಿಂತ ಬಹಳ ಕಡಿಮೆಯಿತ್ತು.

ಬಣ್ಣದ ಪುಡಿಗೂ ಪಾಸ್‌ಪೋರ್ಟ್

ನರೋಡಾ ಎಂದರೆ ಹಲವರಿಗೆ 2002ರ ಹತ್ಯಾಕಾಂಡ ನೆನಪಾಗುತ್ತದೆ. ಅದಕ್ಕೂ ಹಳೆಯ ನೆನಪಿರುವವರಿಗೆ ವಿಮಲ್ ಸೂಟಿಂಗ್ಸ್: ಧೀರೂಭಾಯಿ ಅಂಬಾನಿ 1966ರಲ್ಲಿ ಬಟ್ಟೆ ಗಿರಣಿ ಹಾಕಿದ್ದು ಇಲ್ಲೇ. ನಮ್ಮೂರ ಮದುವೆಗಳಲ್ಲಿ ಬೀಗರಿಗೆ ಕೊಟ್ಟ ಪ್ಯಾಂಟ್ ಪೀಸುಗಳು ಈ ಊರಿನ ಮಗ್ಗದವು. 1931ರಲ್ಲಿ ಶುರುವಾದ ಅರವಿಂದ್ ಮಿಲ್ ಇರುವುದು ನರೋಡಾ ರಸ್ತೆಯಲ್ಲಿ. ಬಟ್ಟೆಯ ಹಿಂದೆಯೇ ಬಣ್ಣ ಬಂತು. ರಾಜ್ಯದ ಕೈಗಾರಿಕಾ ನಿಗಮ 1962ರಲ್ಲಿ ಹುಟ್ಟಿದ ಮೇಲೆ ನರೋಡಾ, ಓಢವ್, ವಟವಾಗಳಲ್ಲಿ ಎಸ್ಟೇಟುಗಳೆದ್ದವು. ಬಟ್ಟೆಗೆ ಹಾಕುವ ರಿಯಾಕ್ಟಿವ್ ಡೈ, ಅದಕ್ಕೆ ಬೇಕಾದ ಎಚ್ ಆಸಿಡ್, ವಿನೈಲ್ ಸಲ್ಫೋನ್ ಮಾಡುವ ಚಿಕ್ಕಚಿಕ್ಕ ಘಟಕಗಳು ಒಂದಕ್ಕೊಂದು ಗೋಡೆ ಹಂಚಿಕೊಂಡು ಬೆಳೆದವು. ಯುರೋಪು ತನ್ನ ಅಂಗಳದಿಂದ ಹೊರಗೆ ಹಾಕಿದ ಗಲೀಜಿನ ಕೆಲಸದ ಒಂದು ಭಾಗ ಇದು. ಆ ಗಲೀಜು ಖಾರಿಕಟ್ ಕಾಲುವೆಗೆ ಹರಿದು, ಕೆಳಗಿನ ಹಳ್ಳಿಗಳ ಬಾವಿ ಕೆಂಪಾಗಿ, 1995ರಲ್ಲಿ ಗುಜರಾತ್ ಹೈಕೋರ್ಟ್ ನೂರಾರು ಘಟಕಗಳನ್ನು ಮುಚ್ಚಿಸಿತು. ಸಾಮೂಹಿಕ ಶುದ್ಧೀಕರಣ ಘಟಕಗಳು ಬಂದದ್ದು ಆಮೇಲೆ.

ಯುರೋಪಿನ ನಿಯಮ ಬದಲಾದರೆ ಇಲ್ಲಿಯ ಬಾಯ್ಲರ್ ಆರುತ್ತದೆ ಎಂಬುದು ನರೋಡಾಗೆ ಬ್ರೆಕ್ಸಿಟ್ ಕಲಿಸಿದ ಪಾಠವಲ್ಲ. 1994ರಲ್ಲಿ ಜರ್ಮನಿ ಕ್ಯಾನ್ಸರ್‌ಕಾರಕ ಅಂಶ ಬಿಡುವ ಅಜೋ ಬಣ್ಣಗಳನ್ನು ನಿಷೇಧಿಸಿದಾಗಲೇ ಅದು ಗೊತ್ತಾಗಿತ್ತು. 2007ರಲ್ಲಿ ಐರೋಪ್ಯ ಒಕ್ಕೂಟದ ‘ರೀಚ್’ ಕಾನೂನು ಬಂತು. ಮಾಹಿತಿ ಕೊಡದಿದ್ದರೆ ಮಾರುಕಟ್ಟೆಯಿಲ್ಲ ಎಂಬುದು ಅದರ ಸಾರ. ಒಕ್ಕೂಟದ ಹೊರಗಿನ ತಯಾರಕ ತಾನೇ ನೋಂದಾಯಿಸುವಂತಿಲ್ಲ, ಅಲ್ಲಿಯ ಆಮದುದಾರನನ್ನು ನೆಚ್ಚಬೇಕು, ಇಲ್ಲವೇ ಒಳಗೊಬ್ಬ ‘ಏಕಮಾತ್ರ ಪ್ರತಿನಿಧಿ’ಯನ್ನು ನೇಮಿಸಬೇಕು. ಚಿಕ್ಕ ಪ್ರಮಾಣದ ಸರಕಿಗೆ ನೋಂದಣಿಯ ಕೊನೆಯ ಗಡುವು 2018ರ ಮೇ 31. ಆ ಹೊತ್ತಿಗೆ ಬ್ರಿಟನ್ ಹೊರಡುವ ನೋಟಿಸ್ ಕೊಟ್ಟು ವರ್ಷ ಕಳೆದಿತ್ತು. ಬ್ರಿಟನ್ನಿನ ಪ್ರತಿನಿಧಿಯ ಮೂಲಕ ನೋಂದಾಯಿಸಿದವನು ದುಡ್ಡು ಕೊಟ್ಟು ಕೊಂಡದ್ದು ಮುಳುಗುತ್ತಿರುವ ಹಡಗಿನ ಟಿಕೆಟ್ಟು. ಮುಳುಗುವ ದಿನ ಗೊತ್ತಿದ್ದರೆ ಇಳಿಯಬಹುದಿತ್ತು.

2020ರ ಡಿಸೆಂಬರ್ 31ರೊಳಗೆ ಆ ನೋಂದಣಿಯನ್ನು ಒಕ್ಕೂಟದ ಇನ್ನೊಂದು ದೇಶದ ಪ್ರತಿನಿಧಿಗೆ ವರ್ಗಾಯಿಸಬೇಕಿತ್ತು, ಇಲ್ಲದಿದ್ದರೆ ಅದು ರದ್ದು. ಮರುದಿನದಿಂದ ಬ್ರಿಟನ್ ತನ್ನದೇ ಬೇರೆ ‘ರೀಚ್’ ಶುರುಮಾಡಿತು. ಅದೇ ಪುಡಿ, ಅದೇ ಪರೀಕ್ಷೆ, ಅದೇ ವಿಷದ ಲೆಕ್ಕ, ಕಡತ ಮಾತ್ರ ಎರಡು. ಬ್ರಿಟನ್ನಿನ ಕಡತಕ್ಕೆ ಪೂರ್ತಿ ಮಾಹಿತಿ ಕೊಡುವ ಗಡುವುಗಳನ್ನು 2023ರಲ್ಲಿ 2026, 2028, 2030ಕ್ಕೆ ಮುಂದೂಡಿದರು. ಇಲ್ಲೂ ತಾರೀಖು ಜಾರಿತು.

ವಡೋದರಾದಂಥ ಎಂಜಿನಿಯರಿಂಗ್ ಊರಿನ ಪಂಪು, ವಾಲ್ವು, ವಿದ್ಯುತ್ ಉಪಕರಣಗಳಿಗೂ ಇದೇ ಪಾಡು. ಯುರೋಪಿನ ‘ಸಿಇ’ ಗುರುತಿನ ಬದಲು ಬ್ರಿಟನ್ನಿಗೆ ‘ಯುಕೆಸಿಎ’ ಎಂಬ ಹೊಸ ಗುರುತು ಬೇಕೆಂದರು. ಗಡುವು ಎರಡು ಮೂರು ಸಲ ಸರಿದು, ಕೊನೆಗೆ 2023ರ ಆಗಸ್ಟಿನಲ್ಲಿ ಬಹುತೇಕ ಸರಕಿಗೆ ಹಳೆಯ ಸಿಇ ಗುರುತೇ ನಡೆಯುತ್ತದೆ ಎಂದರು. ಮೊದಲೇ ಎಚ್ಚರವಹಿಸಿ ಹೊಸ ಅಚ್ಚು ಮಾಡಿಸಿದವನು ಸೋತ, ಕೈಕಟ್ಟಿ ಕೂತವನು ಗೆದ್ದ. ಮುಂದಿನ ಸಲ ಸಿದ್ಧರಾಗಿ ಎಂದರೆ ಯಾರು ಕೇಳುತ್ತಾರೆ?

ಹಲಸೂರಿನಿಂದ ಹಾಲೋಲ್‌ವರೆಗೆ

ಯುರೋಪ್ ಬಿಟ್ಟ ಬ್ರಿಟನ್ ಭಾರತದ ಬಾಗಿಲು ತಟ್ಟುವುದು ಖಚಿತವಿತ್ತು. 2016ರ ನವೆಂಬರಿನಲ್ಲಿ ಥೆರೆಸಾ ಮೇ ದೆಹಲಿ ಮುಗಿಸಿ ಬೆಂಗಳೂರಿಗೆ ಬಂದು, ಸೀರೆಯುಟ್ಟು ಹಲಸೂರಿನ ಸೋಮೇಶ್ವರ ದೇವಸ್ಥಾನಕ್ಕೆ ಹೋದರು. ಅದು ನವೆಂಬರ್ 8. ರಾತ್ರಿ ಎಂಟಕ್ಕೆ ನೋಟು ರದ್ದಾದ ಗದ್ದಲದಲ್ಲಿ ಆ ಭೇಟಿ ಯಾರಿಗೂ ನೆನಪುಳಿಯಲಿಲ್ಲ. ಭಾರತ ಕೇಳಿದ್ದು ವೀಸಾ. ಓದು ಮುಗಿಸಿದ ವಿದ್ಯಾರ್ಥಿಗಳು ಎರಡು ವರ್ಷ ಅಲ್ಲೇ ಕೆಲಸ ಮಾಡುವ ಅವಕಾಶವನ್ನು 2012ರಲ್ಲಿ ಕಿತ್ತುಹಾಕಿದಾಗ ಗೃಹಮಂತ್ರಿಯಾಗಿದ್ದವರು ಇದೇ ಮೇ. ಬೆಂಗಳೂರಿಗೆ ಆಗಲೇ ಬಿಸಿ ತಟ್ಟಿತ್ತು. 2016ರ ಆಗಸ್ಟಿನಲ್ಲಿ ಬ್ರಿಟನ್ನಿನ ಆರ್‌ಬಿಎಸ್ ಬ್ಯಾಂಕು ಹೊಸ ಬ್ಯಾಂಕೊಂದನ್ನು ಬೇರ್ಪಡಿಸುವ ಯೋಜನೆ ಕೈಬಿಟ್ಟಾಗ ಇನ್ಫೊಸಿಸ್ ಸುಮಾರು ಮೂರು ಸಾವಿರ ಮಂದಿಯನ್ನು ಆ ಕೆಲಸದಿಂದ ಹಿಂದೆಗೆಯಬೇಕಾಯಿತು.

ಮೇ ನಂತರ ಪ್ರಧಾನಿಯಾದ ಬೋರಿಸ್ ಜಾನ್ಸನ್ ಬಂದದ್ದು ಗುಜರಾತಿಗೆ. 2019ರ ಡಿಸೆಂಬರಿನ ಚುನಾವಣೆಗೆ ಎರಡು ದಿನ ಮುಂಚೆ ಅವರು ಸ್ಟ್ಯಾಫರ್ಡ್‌ಶೈರಿನ ಜೆಸಿಬಿ ಕಾರ್ಖಾನೆಯಲ್ಲಿ ಒಂದು ಹಳದಿ ಯಂತ್ರ ಹತ್ತಿ, ಎದುರಿಗಿದ್ದ ಗೋಡೆಯನ್ನು ಗುದ್ದಿ ಒಡೆದಿದ್ದರು. ಗೋಡೆ ಥರ್ಮೋಕೋಲಿನದು. ಯಂತ್ರದ ಬಕೆಟ್ಟಿನ ಮೇಲೆ ಬ್ರೆಕ್ಸಿಟ್ ಮುಗಿಸುತ್ತೇವೆ ಎಂಬ ಘೋಷಣೆ. 2022ರ ಏಪ್ರಿಲ್ 21ರಂದು ಸಾಬರಮತಿ ಆಶ್ರಮದಲ್ಲಿ ಚರಕ ತಿರುಗಿಸಿ, ವಡೋದರಾ ಬಳಿಯ ಹಾಲೋಲಿನ ಜೆಸಿಬಿ ಕಾರ್ಖಾನೆಗೆ ಹೋಗಿ ಮತ್ತೆ ಅಂಥದೇ ಹಳದಿ ಯಂತ್ರ ಹತ್ತಿ ಕೈಬೀಸಿದರು. ದೀಪಾವಳಿಯೊಳಗೆ ಭಾರತದ ಜೊತೆ ಒಪ್ಪಂದ ಎಂದು ಇನ್ನೊಂದು ತಾರೀಖು ಕೊಟ್ಟರು. ಆ ದೀಪಾವಳಿಯಂದು ಒಪ್ಪಂದ ಬರಲಿಲ್ಲ, ಬೆಂಗಳೂರಿನ ಅಳಿಯ ರಿಷಿ ಸುನಕ್ ಆಳುವ ಪಕ್ಷದ ನಾಯಕರಾಗಿ ಆಯ್ಕೆಯಾದರು. ಒಪ್ಪಂದಕ್ಕೆ ಸಹಿ ಬಿದ್ದದ್ದು 2025ರ ಜುಲೈ 24ರಂದು. ಭಾರತದ ಬಟ್ಟೆಯ ಮೇಲೆ ಶೇ 12ರವರೆಗೆ, ರಾಸಾಯನಿಕಗಳ ಮೇಲೆ ಶೇ 8ರವರೆಗೆ ಇದ್ದ ಸುಂಕ ತೆಗೆಯುವ ಮಾತು ಅದರಲ್ಲಿದೆ. ಸೂರತ್ತಿನ ಬಟ್ಟೆಗೂ ನರೋಡಾದ ಬಣ್ಣಕ್ಕೂ ಇದು ಬ್ರೆಕ್ಸಿಟ್ಟಿನ ಲಾಭದ ಲೆಕ್ಕದಲ್ಲಿ ಬರೆಯಬೇಕಾದ ಸಂಗತಿ.

ಇಂಥ ಒಪ್ಪಂದಕ್ಕಾಗಿ ಕಾಯುವುದು ಸೂರತ್ತಿಗೆ ಹೊಸತಲ್ಲ. 1615ರಲ್ಲಿ ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋ ಬಂದಿಳಿದದ್ದು ಅಲ್ಲಿಯೇ. ಜಹಾಂಗೀರನ ದರಬಾರಿನಲ್ಲಿ ಸುಮಾರು ಮೂರು ವರ್ಷ ಕಾದರೂ ಅವನಿಗೆ ಬೇಕಿದ್ದ ಪೂರ್ಣ ಒಪ್ಪಂದ ಸಿಗಲಿಲ್ಲ.

ದಿಗಿಲು ಸುಳ್ಳಾಯಿತೇ?

ಹೊರಡಲು ಮತ ಹಾಕಿದರೆ ಕೂಡಲೇ ಆರ್ಥಿಕ ಹಿಂಜರಿತ, ಐದು ಲಕ್ಷ ಉದ್ಯೋಗ ನಷ್ಟ ಎಂದು ಬ್ರಿಟನ್ನಿನ ಹಣಕಾಸು ಇಲಾಖೆ 2016ರಲ್ಲಿ ಹೆದರಿಸಿತ್ತು. ಹಾಗಾಗಲಿಲ್ಲ. ಯೆಲ್ಲೋಹ್ಯಾಮರಿನ ಗಲಭೆಯೂ ಆಗಲಿಲ್ಲ, ಇನ್ಸುಲಿನ್ನೂ ಮುಗಿಯಲಿಲ್ಲ. ‘ಭಯ ಹುಟ್ಟಿಸುವ ದಂಧೆ’ ಎಂದು ಮೂದಲಿಸಿದವರಿಗೆ ಇಷ್ಟು ಸಾಕಾಯಿತು. ಆದರೆ ಈ ಲೆಕ್ಕ ಅರ್ಧದ್ದು. ಭಯದಿಂದ ಮಾಡಿದ ತಯಾರಿ ಮತ್ತು ಕೊನೆಯ ವಾರದ ಒಪ್ಪಂದ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದನ್ನು ಅದು ಕೇಳುವುದಿಲ್ಲ. ನಷ್ಟ ಒಂದು ದಿನ ಬಾಗಿಲು ಒದ್ದುಕೊಂಡು ಬರಲಿಲ್ಲ, ಸೋರುವ ನಲ್ಲಿಯ ಹಾಗೆ ಬಂತು. ಒಕ್ಕೂಟದಲ್ಲಿ ಉಳಿದಿದ್ದರೆ ಆಗುತ್ತಿದ್ದುದಕ್ಕಿಂತ ಬ್ರಿಟನ್ನಿನ ಉತ್ಪಾದಕತೆ ದೀರ್ಘಾವಧಿಯಲ್ಲಿ ಶೇ 4ರಷ್ಟು ಕಡಿಮೆಯಾಗುತ್ತದೆ ಎಂಬುದು ಅಲ್ಲಿಯದೇ ಸ್ವತಂತ್ರ ಬಜೆಟ್ ಕಚೇರಿಯ ಅಂದಾಜು. ಯುರೋಪಿನಿಂದ ಬರುವ ಆಹಾರದ ಮೇಲಿನ ತನ್ನದೇ ತಪಾಸಣೆಯನ್ನು ಬ್ರಿಟನ್ ಐದು ಸಲ ಮುಂದೂಡಿ 2024ರಲ್ಲಿ ಶುರುಮಾಡಿತು. ವಲಸೆ ತಗ್ಗಿಸಲು ಹೊರಟ ದೇಶಕ್ಕೆ 2023ರ ಹೊತ್ತಿಗೆ ವರ್ಷಕ್ಕೆ ನಿವ್ವಳ ಒಂಬತ್ತು ಲಕ್ಷಕ್ಕೂ ಹೆಚ್ಚು ಜನ ಬಂದರು, ಅವರಲ್ಲಿ ಭಾರತೀಯರೇ ಮುಂದು.

ಮ್ಯಾನ್ಸ್‌ಟನ್ನಿನ ತಾಲೀಮನ್ನು ನೋಡಿ ನಕ್ಕವರು 2020ರ ಕ್ರಿಸ್‌ಮಸ್ ವಾರ ಮತ್ತೆ ಅತ್ತ ನೋಡಬೇಕಾಯಿತು. ಹೊಸ ಕೊರೊನಾ ತಳಿಗೆ ಹೆದರಿ ಫ್ರಾನ್ಸ್ ಗಡಿ ಮುಚ್ಚಿದಾಗ ಅದೇ ರನ್‌ವೇ ಮೇಲೆ ಸಾವಿರಾರು ಲಾರಿಗಳು ನಿಂತವು. ಹಸಿದ ಚಾಲಕರಿಗೆ ಸಿಖ್ ಸ್ವಯಂಸೇವಕರು ಬಿಸಿ ಊಟ ಒಯ್ದು ಹಂಚಿದರು. ಸರ್ಕಾರ ಎಣಿಸಿದ್ದ ಆಪತ್ತು ಬರಲಿಲ್ಲ, ಎಣಿಸದ್ದು ಅದೇ ಜಾಗಕ್ಕೆ ಬಂತು.

ಎಲ್ಲವನ್ನೂ ತೂಗಿ ನೋಡಿದರೆ, ಜನ ಅತಿಯಾಗಿ ಹೆದರಿದರು ಎನ್ನಲಾಗದು. ಅವರು ಹೆದರಿದ್ದು ತೀರ್ಮಾನ ಮಾಡುವವರೇ ಬೇರೆ, ತಯಾರಿ ಮಾಡಿಕೊಳ್ಳಬೇಕಾದವರೇ ಬೇರೆ ಎಂಬ ಸ್ಥಿತಿಗೆ. ವೆಸ್ಟ್‌ಮಿನ್‌ಸ್ಟರಿನ ಸಂಸತ್ತಿನಲ್ಲಿ ತಾರೀಖು ಜಾರಿದಾಗ ಅಲ್ಲಿ ಕೂತವರಿಗೆ ಖರ್ಚಿರಲಿಲ್ಲ. ಅದು ಹೋಗಿ ಬಿದ್ದದ್ದು ಲೆಸ್ಟರಿನ ಬಾಡಿಗೆ ಮನೆಯಲ್ಲಿ ಆ್ಯಪ್ ತೆರೆದು ಕೂತವನ ಮೇಲೆ, ನರೋಡಾದಲ್ಲಿ ಎರಡನೇ ಪ್ರತಿನಿಧಿಗೆ ಶುಲ್ಕ ಕಟ್ಟಿದವನ ಮೇಲೆ.

ಆ ಬಣ್ಣದ ಪೆಟ್ಟಿಗೆ ಈಗಲೂ ಹೊರಡುತ್ತದೆ. ಒಂದು ಡಬ್ಲಿನ್ನಿಗೆ, ಇನ್ನೊಂದು ಐರಿಶ್ ಸಮುದ್ರದಾಚೆಯ ಲಿವರ್‌ಪೂಲಿಗೆ ಎನ್ನೋಣ. ಪುಡಿ ಒಂದೇ, ನೀಲಿಯೂ ಒಂದೇ. ಜೊತೆಗೆ ಹೋಗುವ ದಾಖಲೆ ಮಾತ್ರ ಎರಡು, ಅದರೊಳಗಿನ ವಿಳಾಸವೂ ಎರಡು.